ಶಾಲು ಹೊದಿಸುವ ಮೊದಲು ಧಾಟಿ ಬರೆದುಕೊಳ್ಳಿ

ಪ್ರಶ್ನೆ: ನಮ್ಮದು ಧಾರವಾಡದ ಕಡೆಯ ಹಳೇ ಬಾಸೆಲ್ ಮಿಶನ್ ಸಭೆ, ಈಗ ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐ. 36 ವರ್ಷದಿಂದ ಆರಾಧನೆಗೆ ನುಡಿಸುತ್ತಿರುವ ನಮ್ಮ ಆರ್ಗನ್ ಮಾಸ್ತರರು "ಬೆರಳು ಮಾತು ಕೇಳುತ್ತಿಲ್ಲ, ಮುಂದಿನ ವರ್ಷ ಬಿಡುತ್ತೇನೆ" ಅಂದಿದ್ದಾರೆ. ಕೀಬೋರ್ಡ್ ಕಲಿತವರು ಇಬ್ಬರಿದ್ದಾರೆ: ಒಬ್ಬಳು ಪಿಯುಸಿ ಓದುವ ಹುಡುಗಿ, ಇನ್ನೊಬ್ಬ ಬ್ಯಾಂಕ್ ನೌಕರ. ಇಬ್ಬರಿಗೂ ಕಾರ್ಡ್ಸ್ (ಕೂಡಿ ಒತ್ತುವ ಸ್ವರಗುಚ್ಛ) ಬರುತ್ತದೆ, ಹಳೆಯ ಧಾಟಿಗಳು ಬರುವುದಿಲ್ಲ. ಮಾಸ್ತರರನ್ನು ಮರ್ಯಾದೆಯಿಂದ ಬೀಳ್ಕೊಡಬೇಕು, ಹೊಸಬರೂ ನಿಲ್ಲಬೇಕು. ಎಲ್ಲಿಂದ ಶುರು ಮಾಡೋಣ? — ಪಾಸ್ಟರೇಟ್ ಕಮಿಟಿಯ ಕಾರ್ಯದರ್ಶಿ

ಉತ್ತರ: ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಇಷ್ಟಕ್ಕೆ ಒಂದು ಭಾನುವಾರ ಸಾಕು. ಕಮಿಟಿಯ ಕೆಲಸ ಅದಕ್ಕೂ 12 ವಾರ ಮೊದಲೇ ಶುರುವಾಗಬೇಕು. 36 ವರ್ಷ ನುಡಿಸಿದವರು ಎದ್ದುಹೋದರೆ ಯಾವ ಹಾಡಿಗೆ ಯಾವ ಧಾಟಿ, ಯಾವ ಶ್ರುತಿ, ಚರಣ ಮುಗಿದ ಮೇಲೆ ಎಷ್ಟು ಬಿಡುವು ಎಂಬುದೆಲ್ಲ ಅವರ ಜೊತೆಗೇ ಎದ್ದುಹೋಗುತ್ತದೆ. ಅದನ್ನು ಅವರ ಪಕ್ಕ ಕೂತು ಬರೆದುಕೊಳ್ಳುವುದೇ ಅವರಿಗೆ ಸಲ್ಲುವ ದೊಡ್ಡ ಸನ್ಮಾನ. ಹೊಸಬರಿಗೆ ಆಸರೆಯಾಗುವುದೂ ಅದೇ. ಶಾಲು ಆಮೇಲೆ.

ನಿಮ್ಮಂಥ ಸಭೆಗೆ ಇದು ಇನ್ನೂ ಅಗತ್ಯ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಬರುವಾಗ ಜರ್ಮನ್ ಕೋರಲ್ ಧಾಟಿಗಳನ್ನೂ, ಅಂದರೆ ಅಲ್ಲಿಯ ಸಭೆಗಳು ಕೂಡಿ ಹಾಡುವ ಸ್ತುತಿಗೀತೆಗಳ ಧಾಟಿಗಳನ್ನೂ ತಂದರು. ಮಾತು ಕನ್ನಡದ್ದಾಯಿತು, ನಡಿಗೆ ಜರ್ಮನಿಯದೇ ಉಳಿಯಿತು. ಇನ್ನೊಂದು ಕಡೆಯಿಂದ ನಮ್ಮ ರಾಗ ತಾಳದ ಹಾಡುಗಳೂ ಬಂದು ಸೇರಿಕೊಂಡವು. ನಿಘಂಟಿನ ಕಿಟ್ಟೆಲ್ 1862ರಲ್ಲೇ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಪದ್ಯ ಮಾಡಿದ್ದರು. ಹೀಗಾಗಿ ಒಂದೇ ಆರಾಧನೆಯಲ್ಲಿ ನಾಲ್ಕು ಧ್ವನಿಯ ಕೋರಲ್ಲೂ ಬರುತ್ತದೆ, ತಬಲದ ಮೇಲೆ ಕೂರುವ ಭಜನೆಯೂ ಬರುತ್ತದೆ. ಮಾಸ್ತರರ ಕೈ ಎರಡಕ್ಕೂ ಪಳಗಿದೆ. ಸಭೆಯವರ ಕೈಲಿರುವ ಹಾಡಿನ ಪುಸ್ತಕದಲ್ಲಾದರೋ ಮಾತು ಮಾತ್ರ ಅಚ್ಚಾಗಿರುತ್ತದೆ, ಸ್ವರವಿಲ್ಲ.

ಯಾವ ಭಾನುವಾರ?

ಕ್ರಿಸ್ಮಸ್ಸಿಗಾಗಲಿ ಈಸ್ಟರಿಗಾಗಲಿ ಬೀಳ್ಕೊಡುಗೆ ಇಡಬೇಡಿ. ಜನ ತುಂಬಿರುತ್ತಾರೆ, ನಿಜ. ಆದರೆ ಹಬ್ಬದ ಗದ್ದಲದಲ್ಲಿ ಸನ್ಮಾನ ಕಳೆದುಹೋಗುತ್ತದೆ, ಮುಂದಿನ ವಾರವೇ ಹೊಸಬರು ಅರ್ಧ ಖಾಲಿ ದೇವಾಲಯದ ಮುಂದೆ ಕೂರಬೇಕಾಗುತ್ತದೆ. ಪಂಚಾಶತ್ತಮ ಹಬ್ಬ (ಪೆಂತೆಕೋಸ್ತ್) ಕಳೆದು ಎರಡನೆಯ ಅಥವಾ ಮೂರನೆಯ ಭಾನುವಾರ ಹಿಡಿಯಿರಿ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬೀಳುತ್ತದೆ, ಪಂಚಾಶತ್ತಮ ಅಲ್ಲಿಂದ 7 ವಾರಕ್ಕೆ. ಅಂದರೆ ನೀವು ಬಹುಮಟ್ಟಿಗೆ ಜೂನ್ ತಿಂಗಳಲ್ಲಿರುತ್ತೀರಿ. ಶಾಲೆ ಶುರುವಾಗಿ ರಜೆಗೆ ಹೋದವರೆಲ್ಲ ಊರಿಗೆ ಬಂದಿರುತ್ತಾರೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುವುದರಿಂದ ಹೊಸಬರಿಗೆ 20ಕ್ಕೂ ಹೆಚ್ಚು ಭಾನುವಾರ ಸಿಗುತ್ತದೆ. ನಡುವೆ ದೊಡ್ಡದೆಂದರೆ ಸಭೆಯ ಸುಗ್ಗಿ ಹಬ್ಬ ಒಂದೇ.

ಇದರಲ್ಲಿ ಇನ್ನೊಂದು ಅನುಕೂಲವಿದೆ. ಜೂನಿನ ಆ ಭಾನುವಾರದಿಂದ 12 ವಾರ ಹಿಂದಕ್ಕೆ ಎಣಿಸಿದರೆ ಈಸ್ಟರಿಗಿಂತ ಎರಡು ಮೂರು ವಾರ ಮೊದಲು ನಿಲ್ಲುತ್ತೀರಿ. ಈಸ್ಟರಿಗೆ ಮುಂಚಿನ ಶ್ರಮೆಯ ವಾರದ ಹಾಡುಗಳನ್ನು ಮಾಸ್ತರರು ತುಂಬಿದ ಸಭೆಗೆ ನುಡಿಸುವುದನ್ನೇ ರೆಕಾರ್ಡ್ ಮಾಡಿಕೊಳ್ಳಬಹುದು. ತಪ್ಪಿಹೋಗುವುದು ಕ್ರಿಸ್ಮಸ್ ಹಾಡುಗಳು. ಏಪ್ರಿಲ್ ಬಿಸಿಲಲ್ಲಿ ಅವನ್ನು ನುಡಿಸಿ ಎಂದರೆ ಮಾಸ್ತರರು ನಕ್ಕಾರು, ನಗಲಿ, ನುಡಿಸಲಿ.

ಧಾಟಿ ಪುಸ್ತಕ

ಮೊದಲು ಲೆಕ್ಕ ತೆಗೆಯಿರಿ. ಹಾಡಿನ ಸಂಖ್ಯೆ ಹಾಕುವ ಹಲಗೆಯ ಪಕ್ಕ ಯಾರಾದರೂ ನೋಟ್‌ಬುಕ್ ಇಟ್ಟಿದ್ದರೆ ಪುಣ್ಯ. ಇಲ್ಲದಿದ್ದರೆ ಹಳೆಯ ಆರಾಧನಾ ಕ್ರಮದ ಹಾಳೆಗಳನ್ನು ಹುಡುಕಿ ಕಳೆದ ಎರಡು ವರ್ಷ ಹಾಡಿದ ಸಂಖ್ಯೆಗಳನ್ನೆಲ್ಲ ಒಂದು ಕಡೆ ಬರೆಯಿರಿ. ಪುಸ್ತಕದಲ್ಲಿ ಎಷ್ಟೇ ನೂರು ಹಾಡಿರಲಿ, ಸಭೆ ನಿಜವಾಗಿ ಹಾಡುವುದು ಅದರ ಒಂದು ಭಾಗ. 144 ಬಂತೆಂದುಕೊಳ್ಳಿ: 12 ವಾರ, ವಾರಕ್ಕೊಂದು ಕೂಟ, ಕೂಟಕ್ಕೆ 12 ಹಾಡು. ಒಂದೊಂದಕ್ಕೆ ಒಂದು ಚರಣ ನುಡಿಸುವುದೂ ಮಾತಾಡುವುದೂ ಸೇರಿ 5 ನಿಮಿಷ, ಒಟ್ಟು ಒಂದು ಗಂಟೆ. ಬೆರಳು ನೋಯುವವರನ್ನು ಅದಕ್ಕಿಂತ ಹೆಚ್ಚು ಕೂರಿಸಬಾರದು.

ಈ ಕೂಟಕ್ಕೆ ಹೊಸಬರಿಬ್ಬರೂ ಬರಲಿ, ಕಮಿಟಿಯವರು ಯಾರೂ ಬರುವುದು ಬೇಡ. ಒಬ್ಬರು ಬರೆದರೆ ಇನ್ನೊಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಲಿ, ಮುಂದಿನ ವಾರ ಅದಲುಬದಲು. ಫೋನನ್ನು ವಾದ್ಯದ ಮೇಲಿಡಬೇಡಿ. ಕೀ ಒತ್ತಿದ್ದು, ಪೆಡಲ್ ತುಳಿದದ್ದು ಎಲ್ಲ ಧಡ್ ಧಡ್ ಎಂದು ಕೇಳುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಸ್ಟ್ಯಾಂಡಿಗೆ ಹಾಕಿ, ಫ್ಲೈಟ್ ಮೋಡಿನಲ್ಲಿಟ್ಟು, ಮೊದಲು ಹಾಡಿನ ಸಂಖ್ಯೆ ಹೇಳಿ ಆಮೇಲೆ ನುಡಿಸಲಿ. ಒಂದು ಹಾಡಿಗೆ ಒಂದು ಫೈಲ್. ಫೈಲಿನ ಹೆಸರು ಮೂರಂಕಿಯ ಸಂಖ್ಯೆಯಿಂದಲೇ ಶುರುವಾಗಲಿ, 47 ಇದ್ದರೆ 047. ಇಲ್ಲದಿದ್ದರೆ ಫೋನಿನಲ್ಲಿ 112 ಮೊದಲು, ಆಮೇಲೆ 47, ಕೊನೆಗೆ 5 ಬಂದು ಕೂತು ತಲೆ ಚಿಟ್ಟು ಹಿಡಿಯುತ್ತದೆ.

ಬರೆಯುವ ಪುಸ್ತಕ ಉದ್ದನೆಯ ಲೆಕ್ಕದ ಪುಸ್ತಕವಾಗಿರಲಿ, ಒಂದು ಹಾಡಿಗೆ ಎದುರುಬದುರು ಎರಡು ಪುಟ ಸೇರಿ ಒಂದು ಸಾಲು. ಸಂಖ್ಯೆ, ಮೊದಲ ಸಾಲು, ಧಾಟಿಯ ಹೆಸರು, ಸಾಲಿಗೆಷ್ಟು ಅಕ್ಷರ ಎಂಬ ಲೆಕ್ಕ, ಸ್ವರಲಿಪಿಯ ಪುಸ್ತಕದಲ್ಲಿರುವ ಕೀ (ಅಂದರೆ ಶ್ರುತಿ), ಮಾಸ್ತರರು ನುಡಿಸುವ ಕೀ, ನಿಮಿಷಕ್ಕೆಷ್ಟು ಮಾತ್ರೆ, ಪೀಠಿಕೆಗೆ ಯಾವ ಸಾಲು, ಚರಣಗಳ ನಡುವೆ ಎಷ್ಟು ಬಿಡುವು, ಯಾವ ಚರಣಗಳನ್ನು ಹಾಡುವ ರೂಢಿ, ಕೊನೆಗೆ ಆಮೆನ್ ಉಂಟೋ ಇಲ್ಲವೋ. ಎಲ್ಲಕ್ಕಿಂತ ಕೊನೆಗೆ ಅಗಲವಾಗಿ 'ವಿಶೇಷ' ಎಂಬ ಅಂಕಣ. ತುಂಬಿದ ಸಾಲು ಹೀಗಿರುತ್ತದೆ: "8.8.8.8, ಪುಸ್ತಕದಲ್ಲಿ ಜಿ, ನುಡಿಸುವುದು ಇ ಫ್ಲಾಟ್, 66, ಪೀಠಿಕೆ ಕೊನೆಯ ಸಾಲು, ಬಿಡುವು 2 ಮಾತ್ರೆ, ಚರಣ 1, 2, 5, ಆಮೆನ್ ಉಂಟು, ಮೂರನೇ ಸಾಲಿನ ಕೊನೆಯ ಸ್ವರವನ್ನು ಸಭೆ 1 ಮಾತ್ರೆ ಹೆಚ್ಚು ಎಳೆಯುತ್ತದೆ, ಕಾಯಬೇಕು."

ಆ ಕೊನೆಯ ಮಾತು ಯಾವ ಸ್ವರಲಿಪಿಯಲ್ಲೂ ಸಿಗುವುದಿಲ್ಲ. ಹೊಸಬರು ಅಚ್ಚಿನಲ್ಲಿದ್ದಂತೆ ನುಡಿಸಿದರೆ ನಾಲ್ಕನೇ ಸಾಲಿಗೆ ಸಭೆ ಒಂದು ಮಾತ್ರೆ ಹಿಂದೆ ಬಿದ್ದಿರುತ್ತದೆ, ಎಲ್ಲರೂ ಹುಡುಗಿಯ ಕಡೆ ನೋಡುತ್ತಾರೆ. ಎಳೆಯುವುದು ತಪ್ಪೆಂದು ತಿದ್ದಲು ಹೋಗಬೇಡಿ. ಅಜ್ಜ ಅಜ್ಜಿಯರ ಕಾಲದಿಂದ ಹಾಗೆ ಹಾಡಿದ್ದರೆ ನಿಮ್ಮ ಸಭೆಯ ಮಟ್ಟಿಗೆ ಧಾಟಿಯೇ ಹಾಗೆ.

ಕೀ ಇಳಿಸುವುದಕ್ಕೂ ಕಾರಣವಿದೆ. ಕೋರಲ್ ಪುಸ್ತಕಗಳ ಶ್ರುತಿ ತರಬೇತಿಯಿರುವ ಕ್ವಯರಿಗೆ, ಅಂದರೆ ಹಾಡುವ ತಂಡಕ್ಕೆ ಹೇಳಿದ್ದು. ಬೆಳಗ್ಗೆ 8 ಗಂಟೆಗೆ ಎದ್ದುಬಂದ ಗಂಟಲಿಗಲ್ಲ. ಜಿ ಕೀಯಲ್ಲಿ ಮೇಲಿನ ಇ ಮುಟ್ಟುವ ಧಾಟಿ ಇ ಫ್ಲಾಟಿಗೆ ಇಳಿದರೆ ಮೇಲಿನ ಸಿ ಹತ್ತಿರವೇ ನಿಲ್ಲುತ್ತದೆ, ಬೆಂಚಿನಲ್ಲಿ ನಿಂತ ಗಂಡಸರಿಗೂ ಎಟುಕುತ್ತದೆ. ಮತ್ತೆ ಇ ಫ್ಲಾಟ್ ಎಂದರೆ ನಿಮ್ಮ ಕಡೆಯ ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಎರಡು. ಕೋರಲ್ ಆದ ಕೂಡಲೇ ಭಜನೆ ಬಂದರೆ ತಬಲದವರು ಸುತ್ತಿಗೆ ಹಿಡಿದು ಶ್ರುತಿ ಕಟ್ಟುತ್ತ ಕೂರಬೇಕಿಲ್ಲ. ಮಾಸ್ತರರು ಯೋಚಿಸಿ ಹೀಗೆ ಮಾಡಿದರೋ ರೂಢಿಯಿಂದ ಬಂತೋ, ಕೇಳಿ ಬರೆದುಕೊಳ್ಳಿ.

ಅಕ್ಷರದ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ. ಅಂಕಿ ಹೊಂದಿದರೆ ಒಂದು ಹಾಡಿನ ಮಾತನ್ನು ಇನ್ನೊಂದರ ಧಾಟಿಗೆ ಹಾಕಬಹುದೆಂದು ಕಲಿತವರು ಹೇಳುತ್ತಾರೆ. ಇಂಗ್ಲಿಷಿನಲ್ಲೇ ಅದು ಯಾವಾಗಲೂ ನಡೆಯುವುದಿಲ್ಲ, ಕನ್ನಡದಲ್ಲಂತೂ ಕಿವಿಗೆ ಚುಚ್ಚುತ್ತದೆ. 8.7.8.7 ಎಂದು ಬರೆದ ಧಾಟಿಗಳಲ್ಲಿ ಕೆಲವು ಪೆಟ್ಟಿನ ಮೇಲೆ ಶುರುವಾಗುತ್ತವೆ, ಕೆಲವು ಪೆಟ್ಟಿಗಿಂತ ಮುಂಚಿನ ಎತ್ತುಗಡೆಯಲ್ಲಿ. ನಮ್ಮ ಮಾತಿನಲ್ಲಿ ಒತ್ತು ಬೀಳುವುದು ಪದದ ಮೊದಲ ಅಕ್ಷರದ ಮೇಲೆ. 'ಯೇಸುವೇ' ಎಂದು ಶುರುವಾಗುವ ಸಾಲನ್ನು ಎತ್ತುಗಡೆಯ ಧಾಟಿಗೆ ಹಾಕಿದಿರೋ, ದೀರ್ಘವಾದ 'ಯೇ' ಗಡಿಬಿಡಿಯಲ್ಲಿ ಹಾರಿಹೋಗಿ 'ಸು' ಮೇಲೆ ಪೆಟ್ಟು ಬೀಳುತ್ತದೆ. ಹೊಸಬರು ಧಾಟಿ ಬದಲಿಸಲು ಬಯಸಿದರೆ ಮೊದಲು ವಾದ್ಯವಿಲ್ಲದೆ ಮೇಜು ತಟ್ಟಿಕೊಂಡು ಸಾಲನ್ನು ಓದಲಿ. ಪೆಟ್ಟು ಎಲ್ಲಿ ಬೀಳುತ್ತದೆಂದು ಕಿವಿಯೇ ಹೇಳುತ್ತದೆ.

ಮಾಸ್ತರರು ತಾವೇ ಕಟ್ಟಿದ ಪೀಠಿಕೆ, ತಾವೇ ಬರೆದ ಧ್ವನಿ ಭಾಗಗಳಿದ್ದರೆ ಅವು ಅವರ ಸ್ವತ್ತು. ನೋಟ್‌ಬುಕ್ ದೇವಾಲಯದ ಕಪಾಟಿನಲ್ಲಿತ್ತು ಎಂದ ಮಾತ್ರಕ್ಕೆ ಸಭೆಯದಾಗುವುದಿಲ್ಲ. ಪ್ರತಿ ಮಾಡಿಕೊಳ್ಳಲು ಎರಡು ಸಾಲಿನ ಒಪ್ಪಿಗೆ ಬರೆಸಿಕೊಂಡು ಮೂಲವನ್ನು ಅವರಿಗೇ ಕೊಡಿ. ಪ್ರಕಟವಾದ ಕೃತಿಗಳ ವಿಷಯ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ, ನುಡಿಸುವುದಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಪುಸ್ತಕ ಜೆರಾಕ್ಸ್ ಮಾಡಿ ಹಂಚುವುದು, ರೆಕಾರ್ಡಿಂಗನ್ನು ಯೂಟ್ಯೂಬಿಗೆ ಹಾಕುವುದು ಆ ವಿನಾಯಿತಿಯೊಳಗೆ ತಾನಾಗಿ ಬರುವುದಿಲ್ಲ. ಕರ್ತೃ ತೀರಿಹೋಗಿ 60 ವರ್ಷ ದಾಟಿದ ಹಳೆಯ ಧಾಟಿಗಳಿಗೆ ಈ ತಾಪತ್ರಯವಿಲ್ಲ.

ಹೊಸಬರ ಕೈ

ಕಾರ್ಡ್ಸ್ ಕಲಿತ ಕೈ ಕೋರಲ್ ಮುಂದೆ ಎಡವುವುದು ಒಂದೇ ಜಾಗದಲ್ಲಿ. ಈಗಿನ ಆರಾಧನಾ ಗೀತೆಗಳಲ್ಲಿ ಒಂದು ಕಾರ್ಡ್ ಇಡೀ ಆವರ್ತ ನಿಲ್ಲುತ್ತದೆ, ಕೋರಲ್‌ನಲ್ಲಿ ಹೆಚ್ಚುಕಡಿಮೆ ಮಾತ್ರೆಗೊಂದು ಬದಲಾಗುತ್ತದೆ. ನಾಲ್ಕು ಮಾತ್ರೆಗೆ ಒಂದೇ ಕಾರ್ಡ್ ಹಿಡಿದು ನಿಂತರೆ ಕೆಳಗಿನ ಧ್ವನಿ ನಡೆಯುವುದೇ ನಿಲ್ಲುತ್ತದೆ, ಸಭೆಗೆ ಮುಂದಕ್ಕೆ ತಳ್ಳುವವರು ಯಾರೂ ಇಲ್ಲದಂತಾಗಿ ಹಾಡು ಜೋಲು ಬೀಳುತ್ತದೆ. ಹಾಗೆಂದು ಮೊದಲ ದಿನವೇ ನಾಲ್ಕೂ ಧ್ವನಿ ನುಡಿಸಿ ಎನ್ನುವುದೂ ಸರಿಯಲ್ಲ. ಬಲಗೈಯಲ್ಲಿ ಧಾಟಿ, ಎಡಗೈಯಲ್ಲಿ ಎಲ್ಲಕ್ಕಿಂತ ಕೆಳಗಿನ ಬೇಸ್ ಸಾಲು, ಎರಡೇ ಧ್ವನಿ. ಎರಡು ವಾರ ಅಷ್ಟೇ. ಆಮೇಲೆ ಬಲಗೈಗೆ ಧಾಟಿಯ ಕೆಳಗಿನ ಧ್ವನಿ ಆಲ್ಟೋ ಸೇರಿಸಿ. ಅದಕ್ಕೂ ಬೇಸಿಗೂ ನಡುವಿನ ಟೆನರ್ ಕೊನೆಗೆ. ಎರಡು ಧ್ವನಿ ಸರಿಯಾದ ವೇಗದಲ್ಲಿ ನಡೆದರೆ ಸಭೆ ಹಾಡುತ್ತದೆ. ನಾಲ್ಕು ಧ್ವನಿ ತಡವರಿಸಿದರೆ ನಿಂತುಬಿಡುತ್ತದೆ.

ಸ್ವರವನ್ನು ಎಳೆದು ಹಿಡಿಯುವ ಸಸ್ಟೈನ್ ಪೆಡಲಿನಿಂದ ಕಾಲು ತೆಗೆಸಿ. ಸ್ವರಗಳನ್ನು ಕೂಡಿಸುವುದು ಬೆರಳಿನ ಕೆಲಸ. ಸಾಲಿನ ಕೊನೆಯಲ್ಲಿ ಎರಡೂ ಕೈ ಸ್ಪಷ್ಟವಾಗಿ ಎತ್ತಿದಾಗ ಬೀಳುವ ಆ ಚಿಕ್ಕ ಮೌನವೇ ಸಭೆಗೆ ಉಸಿರು ತೆಗೆದುಕೊಳ್ಳಿ ಎಂಬ ಸೂಚನೆ. ಪೆಡಲ್ ತುಳಿದಿದ್ದರೆ ಆ ಮೌನ ಬರುವುದೇ ಇಲ್ಲ. ಮಾಸ್ತರರ ಕೈಯನ್ನು ವಿಡಿಯೊ ಮಾಡುವುದಾದರೆ ಸಾಲಿನ ಕೊನೆಗಳನ್ನೇ ಮಾಡಿ. ಕೀಬೋರ್ಡಿನ ರಿದಮ್ ಪೆಟ್ಟಿಗೆಯೂ ಕೋರಲ್ಲಿಗೆ ಬೇಡ. ಅದು ಯಾರ ಉಸಿರಿಗೂ ಕಾಯುವುದಿಲ್ಲ.

ಇನ್ನೊಂದು ತೊಂದರೆ ಹೊರಗೆ ಕಾಣದು. ಹೊಸಬರು ಸಭೆಯ ದನಿ ಕೇಳಿಸಿಕೊಂಡು ಅದಕ್ಕೆ ಹೊಂದಿಸಿ ನುಡಿಸಲು ಹೋಗುತ್ತಾರೆ, ಹಾಡು ಚರಣದಿಂದ ಚರಣಕ್ಕೆ ನಿಧಾನವಾಗುತ್ತದೆ. ಕಾರಣ ಗಣಿತದಲ್ಲಿದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಿಂದಿನ ಬೆಂಚು 20 ಮೀಟರ್ ದೂರದಲ್ಲಿದ್ದರೆ ವಾದ್ಯದ ದನಿ ಅಲ್ಲಿಗೆ ಮುಟ್ಟಲು 58 ಮಿಲಿಸೆಕೆಂಡ್, ಅವರ ದನಿ ತಿರುಗಿ ಬರಲು ಇನ್ನೊಂದು 58. ನಿಮಿಷಕ್ಕೆ 72 ಮಾತ್ರೆಯ ಹಾಡಿನಲ್ಲಿ ಒಂದು ಮಾತ್ರೆ 833 ಮಿಲಿಸೆಕೆಂಡ್. ಅಂದರೆ ಎಲ್ಲರೂ ಸರಿಯಾಗಿ ಹಾಡಿದರೂ ನುಡಿಸುವವರ ಕಿವಿಗೆ ಮಾತ್ರೆಯ ಏಳನೇ ಒಂದು ಭಾಗ ತಡವಾಗಿಯೇ ಕೇಳುತ್ತದೆ. ಕಾದರೆ ಅವರು ಇನ್ನಷ್ಟು ತಡ ಮಾಡುತ್ತಾರೆ. ಮಾಸ್ತರರು ಈ ಲೆಕ್ಕ ಹಾಕಿರಲಿಕ್ಕಿಲ್ಲ, ಆದರೆ ಕಾಯುವುದಿಲ್ಲ, ಗಮನಿಸಿ ನೋಡಿ. ಅಭ್ಯಾಸಕ್ಕೆ ಒಂದು ದಾರಿ: ಒಂದು ಕಿವಿಗೆ ಮಾತ್ರೆ ಎಣಿಸುವ ಮೆಟ್ರೊನೋಮ್ ಹಾಕಿಕೊಂಡು ಕ್ವಯರಿನ ಐದಾರು ಜನರನ್ನು ಹಿಂದಿನ ಬೆಂಚಿನಲ್ಲಿ ನಿಲ್ಲಿಸಿ ಹಾಡಿಸುವುದು.

ಟ್ರಾನ್ಸ್‌ಪೋಸ್ ಗುಂಡಿ (ಒತ್ತುವ ಕೀ ಬದಲಿಸದೆ ಕೇಳಿಸುವ ಶ್ರುತಿ ಏರಿಸುವ, ಇಳಿಸುವ ಗುಂಡಿ) ವರವೂ ಹೌದು, ಶಾಪವೂ ಹೌದು. ಜಿಯಲ್ಲಿ ಓದಿಕೊಂಡು ಇ ಫ್ಲಾಟಿನಲ್ಲಿ ಕೇಳಿಸಲು ಮೈನಸ್ 4 ಇಡುತ್ತಾರೆ, ಮುಂದಿನ ಹಾಡಿಗೆ ಸೊನ್ನೆಗೆ ತರುವುದನ್ನು ಮರೆಯುತ್ತಾರೆ. ಹಾಡು ಗುಹೆಯೊಳಗಿಂದ ಬಂದಂತೆ ಕೇಳುತ್ತದೆ. ಪ್ರತಿ ಹಾಡಿನ ಹಾಳೆಯ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಅಂಕಿ ಬರೆದಿಡಿ, ಸೊನ್ನೆಯಿದ್ದರೂ ಬರೆಯಿರಿ. ಗಿಟಾರಿನವನಿಗೆ ಕೇಳಿಸುವ ಕೀ ಹೇಳಬೇಕು, ಒತ್ತುವ ಕೀ ಅಲ್ಲ. ಇ ಫ್ಲಾಟ್ ಎಂದರೆ ಅವನು ಮೊದಲ ಫ್ರೆಟ್ಟಿಗೆ ಕೇಪೊ (ತಂತಿ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಡಿ ಆಕಾರಗಳನ್ನು ಹಿಡಿದರಾಯಿತು.

ಹೊಣೆ ಏರಿಸುವುದು ನಿಧಾನವಾಗಿರಲಿ. ಮೊದಲ ನಾಲ್ಕು ವಾರ ಕೊನೆಯ ಹಾಡು ಮಾತ್ರ, ಇಬ್ಬರಲ್ಲಿ ಸರದಿಯಂತೆ. ಮುಂದಿನ ನಾಲ್ಕು ವಾರ ಕಾಣಿಕೆಯ ಹಾಡೂ ಸೇರಲಿ. ಕೊನೆಯ ನಾಲ್ಕರಲ್ಲಿ ಒಂದು ಭಾನುವಾರ ಪೂರ್ತಿ ಹೊಸಬರದೇ ಆಗಿ ಮಾಸ್ತರರು ಬೆಂಚಿನಲ್ಲಿರಲಿ. ಒಬ್ಬರನ್ನೇ ಆರಿಸಿ ಎಂದು ಕಮಿಟಿಯಲ್ಲಿ ಯಾರಾದರೂ ಹಟ ಹಿಡಿದರೆ ಕ್ಯಾಲೆಂಡರ್ ತೋರಿಸಿ: ಪಿಯುಸಿ ಪರೀಕ್ಷೆಗೂ ಶ್ರಮೆಯ ವಾರದ ತಯಾರಿಗೂ ಮಾರ್ಚ್ ತಿಂಗಳೇ ಗತಿ, ಬ್ಯಾಂಕಿನವರ ವರ್ಷಾಂತ್ಯವೂ ಆಗಲೇ. ಇಬ್ಬರಿದ್ದರೂ ಆ ತಿಂಗಳು ಬಿಗಿಯೇ. ಹುಡುಗಿಗೆ 18 ತುಂಬಿಲ್ಲದಿದ್ದರೆ ಮನೆಯವರ ಲಿಖಿತ ಒಪ್ಪಿಗೆ ಪಡೆಯಿರಿ. ಅಭ್ಯಾಸದ ಹೊತ್ತಿನಲ್ಲಿ ಬಾಗಿಲು ತೆರೆದಿರಲಿ, ಒಬ್ಬರೇ ದೊಡ್ಡವರ ಜೊತೆ ಅವಳನ್ನು ಬಿಡಬೇಡಿ. ಯಾರ ಮೇಲೂ ಅನುಮಾನವೆಂದಲ್ಲ, ನಿಯಮ ಎಲ್ಲರಿಗೂ ಒಂದೇ ಇರಲಿ.

ಮೂಲೆಯಲ್ಲಿರುವ ಪೆಟ್ಟಿಗೆ

ಹಳೆಯ ಮಿಶನ್ ಸಭೆಗಳಲ್ಲಿ ಕಾಲಿನಿಂದ ತುಳಿಯುವ ರೀಡ್ ಆರ್ಗನ್ ಒಂದು ಮೂಲೆಯಲ್ಲಿ ಉಳಿದಿರುವುದುಂಟು. ನಿಮ್ಮಲ್ಲೂ ಇದ್ದರೆ ಬೀಳ್ಕೊಡುಗೆಯ ದಿನ ಮಾಸ್ತರರು ಅದರ ಮೇಲೆ ಒಂದು ಹಾಡು ನುಡಿಸಲಿ ಎಂಬ ಆಸೆ ಖಂಡಿತ ಯಾರಿಗಾದರೂ ಬರುತ್ತದೆ. ಒಳ್ಳೆಯ ಆಸೆ, ಆದರೆ ಎರಡು ತಿಂಗಳು ಮೊದಲೇ ತೆರೆದು ನೋಡಿ. ಸ್ವರ ಮೂಕವಾಗಿದ್ದರೆ ಬಹುತೇಕ ರೀಡಿನ ನಾಲಿಗೆಗೆ ಧೂಳು ಸಿಕ್ಕಿರುತ್ತದೆ. ಕೊಕ್ಕೆಯಿಂದ ರೀಡನ್ನು ಎಳೆದು ಮೆತ್ತನೆಯ ಬ್ರಷ್ಷಿನಿಂದ ಒರೆಸಿದರೆ ಸಾಕು. ಬ್ಲೇಡಿನಿಂದ ಕೆರೆಯಬಾರದು. ನಾಲಿಗೆಯ ತುದಿ ಸವೆದರೆ ಶ್ರುತಿ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ. ಒತ್ತದಿದ್ದರೂ ಸ್ವರ ಕೂಗುತ್ತಲೇ ಇದ್ದರೆ ಆ ಸ್ವರದ ಗಾಳಿ ತಡೆಯುವ ಮುಚ್ಚಳ ಸರಿಯಾಗಿ ಕೂತಿಲ್ಲ ಎಂದರ್ಥ: ಕಸ ಸಿಕ್ಕಿದೆ, ಇಲ್ಲವೇ ಮಳೆಗಾಲದ ತೇವಕ್ಕೆ ಮರ ಉಬ್ಬಿ ಕೀ ಸಿಕ್ಕಿಕೊಂಡಿದೆ. ಜೂನಿನಲ್ಲಿ ಎರಡನೆಯದರ ಸಂಭವವೇ ಹೆಚ್ಚು. ಎಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನೂ ಕೆಡುತ್ತದೆ. ತಿದಿಯ ಬಟ್ಟೆ ಹರಿದಿದ್ದರೆ ಹಾರ್ಮೋನಿಯಂ ರಿಪೇರಿಯವರೇ ಬೇಕು. ಮತ್ತೊಂದು, ಫೋನಿನ ಟ್ಯೂನರಿನಲ್ಲಿ ಅದರ ಶ್ರುತಿ ನೋಡಿ. ಈಗಿನ ವಾದ್ಯಗಳ ಶ್ರುತಿಯಾದ ಎ 440ಕ್ಕೆ ಕೂಡದಿದ್ದರೆ ಕೀಬೋರ್ಡಿನ ಜೊತೆ ನುಡಿಸುವ ಯೋಚನೆ ಬಿಡಿ. ಒಂಟಿಯಾಗಿ ನುಡಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಕೀಬೋರ್ಡಿನ ಹಸ್ತಾಂತರ ಸುಲಭ, ಆದರೂ ಬರವಣಿಗೆಯಲ್ಲಿರಲಿ: ಅಡಾಪ್ಟರ್, ಪೆಡಲ್, ಪೆನ್‌ಡ್ರೈವ್, ಸ್ಟ್ಯಾಂಡಿನ ಬೋಲ್ಟುಗಳು, ಕಪಾಟಿನ ಕೀಲಿ. ಮಾಸ್ತರರು ಜೋಡಿಸಿಟ್ಟ ಧ್ವನಿಗಳ ಮೆಮೊರಿಯನ್ನು ಪೆನ್‌ಡ್ರೈವಿಗೆ ಉಳಿಸಿಕೊಳ್ಳದೆ ಯಾರೂ ಫ್ಯಾಕ್ಟರಿ ರೀಸೆಟ್ ಮಾಡದಿರಲಿ. ಪೆಡಲ್ ತಲೆಕೆಳಗಾಗಿ ಕೆಲಸ ಮಾಡುತ್ತಿದೆ, ಬಿಟ್ಟಾಗ ಎಳೆಯುತ್ತದೆ ಎಂದರೆ ಹಾಳಾಗಿದೆಯೆಂದು ಹೊಸದು ತರಬೇಡಿ. ಸ್ವಿಚ್ ಹಾಕುವಾಗ ಅದರ ಮೇಲೆ ಕಾಲಿತ್ತು, ಅಷ್ಟೇ. ಕಾಲು ತೆಗೆದು ಆಫ್ ಮಾಡಿ ಮತ್ತೆ ಆನ್ ಮಾಡಿ.

ಆ ಭಾನುವಾರ

ಏನು ಮಾಡುತ್ತೇವೆಂದು ಮಾಸ್ತರರಿಗೆ ಮೊದಲೇ ಹೇಳಿ. ಅಚ್ಚರಿಯ ಸನ್ಮಾನ ಮಾಡುವವರಿಗೆ ಖುಷಿ, ಮಾಡಿಸಿಕೊಳ್ಳುವವರಿಗೆ ಮುಜುಗರ. ಹಾಡುಗಳನ್ನು ಅವರೇ ಆರಿಸಲಿ.

ಆರಾಧನೆಯನ್ನು ಕಾಣಿಕೆಯ ಹಾಡಿನವರೆಗೆ ಅವರೇ ನುಡಿಸಲಿ. ಆಮೇಲೆ, ಕೊನೆಯ ಹಾಡಿಗೆ ಮೊದಲು, ಸನ್ಮಾನಕ್ಕೆ 12 ನಿಮಿಷ. ಬಿನ್ನವತ್ತಳೆ 150 ಪದ ದಾಟಬಾರದು, ಅದರಲ್ಲಿ 'ಸಂಗೀತದ ಮೇರು ಪರ್ವತ' ಎಂಬಂಥ ಮಾತು ಬೇಡ. ಯಾವ ವರ್ಷ ಶುರು ಮಾಡಿದರು, ಎಷ್ಟು ಮಂದಿ ಅಯ್ಯನವರ (ಪಾಸ್ಟರರ) ಕಾಲದಲ್ಲಿ ನುಡಿಸಿದರು, ಎಷ್ಟು ಮದುವೆ ಎಂಬುದನ್ನು ದಾಖಲೆ ಪುಸ್ತಕ ನೋಡಿ ಬರೆಯಿರಿ. 36 ವರ್ಷಕ್ಕೆ ಸುಮಾರು 1,870 ಭಾನುವಾರವಾಗುತ್ತದೆ. ಗೈರಾದದ್ದನ್ನು ಕಳೆದು ಓದಿದರೆ ಆ ಅಂಕಿಯೊಂದೇ ಭಾಷಣಕ್ಕೆ ಸಮ. ಶಾಲನ್ನು ಕ್ವಯರಿನ ಅತಿ ಹಿರಿಯ ಸದಸ್ಯರು ಹೊದಿಸಲಿ. ಮಾಸ್ತರರ ಮನೆಯವರನ್ನೂ ಮುಂದೆ ಕರೆಯಿರಿ. 36 ಕ್ರಿಸ್ಮಸ್ ಬೆಂಚಿನಲ್ಲಿ ಗಂಡ ಪಕ್ಕದಲ್ಲಿಲ್ಲದೆ ಕೂತವರು ಅವರು.

ಸ್ಮರಣಿಕೆಗೆ ಗೋಡೆ ಗಡಿಯಾರ ಬೇಡವೇ ಬೇಡ. ಧಾಟಿ ಪುಸ್ತಕವನ್ನು ಎರಡು ಪ್ರತಿ ಮಾಡಿ ರಟ್ಟು ಕಟ್ಟಿಸಿ, ಮೊದಲ ಪುಟದಲ್ಲಿ ಅವರ ಹೆಸರು, ವರ್ಷಗಳು. ಒಂದು ಪ್ರತಿ ಅವರಿಗೆ. ಇನ್ನೊಂದನ್ನು ಅವರೇ ಹೊಸಬರಿಬ್ಬರ ಕೈಗಿಡಲಿ. ಅಯ್ಯನವರು ಮೂವರಿಗೂ ಸೇರಿ ಪ್ರಾರ್ಥನೆ ಮಾಡಲಿ. ಆಮೇಲೆ ಮಾಸ್ತರರು ವಾದ್ಯದ ಕಡೆ ಹೋಗದೆ ಮನೆಯವರ ಪಕ್ಕ ಎರಡನೇ ಬೆಂಚಿನಲ್ಲಿ ಕೂರುತ್ತಾರೆ, ಹುಡುಗಿ ಕೊನೆಯ ಹಾಡು ಶುರು ಮಾಡುತ್ತಾಳೆ. ಆ ಬೆಂಚಿನ ಮೇಲೆ ಒಂದು ಹಾಡಿನ ಪುಸ್ತಕ ಮೊದಲೇ ಇಟ್ಟಿರಿ. ಇಷ್ಟು ವರ್ಷ ಅವರ ಪುಸ್ತಕವಿದ್ದದ್ದು ಆರ್ಗನ್ನಿನ ಮೇಲೆ. ಹುಡುಗಿಗೆ ಕೊಡುವ ಹಾಡು ಸಭೆಗೆ ನಿದ್ದೆಯಲ್ಲೂ ಬರುವಂಥದಾಗಿರಲಿ, ಅವಳು ಆಗಲೇ ನಾಲ್ಕು ಸಲವಾದರೂ ನುಡಿಸಿರಲಿ.

ಮಾತಾಡುವವರಿಗೆ ಒಂದು ವಾಕ್ಯವನ್ನು ಮೊದಲೇ ನಿಷೇಧಿಸಿ: "ಇವರ ಸ್ಥಾನವನ್ನು ಯಾರೂ ತುಂಬಲಾರರು." ಹೊಗಳಿಕೆಯೆಂದು ಹೇಳುತ್ತಾರೆ, ಆದರೆ ಅದು ನೆಟ್ಟಗೆ ಹೋಗಿ ತಾಕುವುದು ಐದು ನಿಮಿಷದಲ್ಲಿ ವಾದ್ಯದ ಮುಂದೆ ಕೂರಬೇಕಾದ ಹುಡುಗಿಗೆ. ಉಳಿದ ಭಾಷಣಗಳನ್ನೆಲ್ಲ ಪ್ರೀತಿಭೋಜನಕ್ಕೆ ಕಳಿಸಿ. 200 ಜನರಿಗೆ ಬಿರಿಯಾನಿಯೆಂದರೆ 20 ಕಿಲೋ ಅಕ್ಕಿ, 25 ಕಿಲೋ ಕೋಳಿಯ ಲೆಕ್ಕ. ಹಂಡೆಯ ಮುಚ್ಚಳ ತೆರೆದ ಮೇಲೆ ಯಾರೂ ಉದ್ದ ಮಾತಾಡುವುದಿಲ್ಲ.

ದುಡ್ಡಿನ ಮಾತು

ಕಮಿಟಿಗಳು ಇಲ್ಲಿ ನಾಚಿಕೊಂಡು ಕೊನೆಗೆ ಕವರಿನಲ್ಲಿ ಏನೋ ಒಂದಿಷ್ಟು ಹಾಕಿ ಕೊಡುತ್ತವೆ. ಗೌರವಧನ ಪಡೆಯುವವರಿಗೆ ಗ್ರಾಚ್ಯುಟಿ ಕಾನೂನು ಅನ್ವಯಿಸಲೇಬೇಕೆಂದಿಲ್ಲ, ಆದರೂ ಅದರ ಸೂತ್ರ ಒಳ್ಳೆಯ ಅಳತೆಗೋಲು: ಕೊನೆಯ ತಿಂಗಳ ಮೊತ್ತವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ತಿಂಗಳಿಗೆ 4,000 ರೂಪಾಯಿ ಕೊಡುತ್ತಿದ್ದರೆ 36 ವರ್ಷಕ್ಕೆ 83,077 ಬರುತ್ತದೆ. ಅಷ್ಟಾದರೂ ಕೊಡಿ, ಕಮಿಟಿಯ ನಿರ್ಣಯ ಬರೆದು, ಚೆಕ್ಕಿನಲ್ಲಿ ಅಥವಾ ಬ್ಯಾಂಕ್ ಮೂಲಕ. ಸಭೆಯವರು ಪ್ರತ್ಯೇಕವಾಗಿ ಚಂದಾ ಎತ್ತುವುದಾದರೆ ಇದು ಗೊತ್ತಿರಲಿ: ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಬಂದ ಹಣದ ಉಡುಗೊರೆ ಒಟ್ಟು 50,000 ರೂಪಾಯಿ ದಾಟಿದರೆ ಮೀರಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತ ತೆರಿಗೆಯ ಲೆಕ್ಕದಲ್ಲಿ ಮಾಸ್ತರರ ಆದಾಯಕ್ಕೆ ಸೇರುತ್ತದೆ. ಎರಡನ್ನೂ ಹೇಗೆ ತೋರಿಸಬೇಕೆಂದು ಆಡಿಟರನ್ನು ಮೊದಲೇ ಕೇಳಿ. ಹೊಸಬರ ಗೌರವಧನ, ಮದುವೆಯ ಶುಲ್ಕ, ಹಬ್ಬದ ಹೆಚ್ಚುವರಿ ಅಭ್ಯಾಸ ಎಲ್ಲವನ್ನೂ ಕಮಿಟಿಯ ಅದೇ ಕೂಟದಲ್ಲಿ ಬರೆದು ಮುಗಿಸಿ.

ಆಮೇಲಿನ ಆರು ತಿಂಗಳು

ಮಾಸ್ತರರು ಅದೇ ಊರಿನಲ್ಲಿ, ಅದೇ ಸಭೆಯಲ್ಲಿ ಇರುತ್ತಾರೆ. ಆದ್ದರಿಂದ ಅಯ್ಯನವರು ಮೊದಲೇ ಮೂವರನ್ನೂ ಕೂರಿಸಿ ಮಾತಾಡಲಿ. ಆಗಮನ ಕಾಲದವರೆಗೆ ಮಾಸ್ತರರು ಕ್ವಯರಿನ ಸಾಲಿನಲ್ಲಿ ಕೂರುವುದು ಬೇಡ. ಆರಾಧನೆ ಮುಗಿದ ಬಾಗಿಲಲ್ಲೇ ತಪ್ಪು ಹೇಳುವುದೂ ಬೇಡ. ಹೊಸಬರೇ ತಾವಾಗಿ ಬಂದು ಕೇಳಿದರೆ ಧಾರಾಳ ಹೇಳಲಿ. ಮೊದಲ ಕ್ರಿಸ್ಮಸ್ಸಿಗೆ "ಒಂದೇ ಒಂದು ಹಾಡು" ಎಂದು ಅವರನ್ನು ಕರೆಯುವ ಆಸೆ ತಡೆದುಕೊಳ್ಳಿ. ಜನ ಹೋಲಿಸಲು ಕಾಯುತ್ತಿರುತ್ತಾರೆ. ಮುಂದಿನ ಈಸ್ಟರಿಗೆ ಅತಿಥಿಯಾಗಿ ಕರೆಯಿರಿ, ಆಗ ಅದು ಹಬ್ಬವಾಗುತ್ತದೆ.

ವ್ಯವಸ್ಥೆ ಮುರಿಯುವುದು ಹೆಚ್ಚಾಗಿ ಭಾನುವಾರವಲ್ಲ. ಮಂಗಳವಾರ ಬೆಳಗ್ಗೆ ಸಾವಿನ ಮನೆಯಿಂದ ಫೋನ್ ಬರುತ್ತದೆ, ಅದೂ ನೇರ ಮಾಸ್ತರರಿಗೆ. ಹುಡುಗಿ ಕಾಲೇಜಿನಲ್ಲಿ, ಇನ್ನೊಬ್ಬರು ಬ್ಯಾಂಕಿನಲ್ಲಿ. ಮಾಸ್ತರರು ಇಲ್ಲ ಅನ್ನಲಾರರು. ಇದಕ್ಕೆ ಮೊದಲೇ ದಾರಿ ಮಾಡಿ: ಫೋನ್ ಅಯ್ಯನವರಿಗೆ ಹೋಗಬೇಕು, ಅವರು ಹೊಸಬರನ್ನು ಕೇಳಬೇಕು, ಇಬ್ಬರಿಗೂ ಆಗದಿದ್ದರೆ ಮಾತ್ರ ಮಾಸ್ತರರನ್ನು. ಮರಣದ ಆರಾಧನೆಯ ಐದು ಹಾಡುಗಳನ್ನು ಹೊಸಬರು ಮೊದಲ ತಿಂಗಳಲ್ಲೇ ಕಲಿತಿರಲಿ. ಸ್ಮಶಾನದಲ್ಲಿ ಕೀಬೋರ್ಡ್ ಇರುವುದಿಲ್ಲ. ಯಾರೋ ಎತ್ತರಕ್ಕೆ ಶುರು ಮಾಡಿ ಎರಡನೇ ಸಾಲಿಗೆ ಎಲ್ಲರ ದನಿ ಒಡೆಯುತ್ತದೆ. ಅಲ್ಲಿ ಸರಿಯಾದ ಶ್ರುತಿ ಹಿಡಿದು ಮೊದಲ ಸಾಲು ಎತ್ತಿಕೊಡುವ ಕೆಲಸವನ್ನು ಕಮಿಟಿಯೇ ನಿರ್ಣಯ ಬರೆದು ಮಾಸ್ತರರಿಗೆ ಒಪ್ಪಿಸಿ. ಅದಕ್ಕೆ ಬೆರಳು ಬೇಕಾಗಿಲ್ಲ.